ದತ್ತೂ ತಂದ ನೀಲಿ

ನರಗುಂದದ ಬಸ್ಸು ರೋಣದಲ್ಲಿ ನಿಂತಾಗ ದತ್ತಾತ್ರೇಯ ಎಲ್ಲರಿಗಿಂತ ಕೊನೆಗೆ ಇಳಿದ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಬೇರಿಗೆ ಒದ್ದೆ ಗೋಣಿತಟ್ಟು ಸುತ್ತಿದ, ಹೂ ಬಿಟ್ಟ ಗಿಡ. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬಂದಿದ್ದರಿಂದ ಧೋತರಕ್ಕೆಲ್ಲ ಎರೆಮಣ್ಣಿನ ಕಲೆ. ಸೋದರಮಾವ ರಾಘಣ್ಣ ವಕೀಲರ ಮನೆ ಹೊಕ್ಕವನು ಪಡಸಾಲೆಯಲ್ಲಿ ನಿಲ್ಲದೆ ನೇರವಾಗಿ ಹಿತ್ತಲಿಗೆ ನಡೆದ.

ಮಾವನ ಮಗಳು ಅನಸೂಯಾ ಬಾವಿಯಿಂದ ನೀರು ಸೇದುತ್ತಿದ್ದಳು. ಅವನ ಹೆಜ್ಜೆಯ ಸಪ್ಪಳ ಗೊತ್ತಾದರೂ ತಿರುಗಲಿಲ್ಲ. ಕೊಡ ಮೇಲೆ ಬಂದ ನಂತರವೇ ನೋಡಿದಳು.

"ತಗೋ. ನೀಲಿ ಹೂ," ಅಂದ.

ಅವಳು ಹೂವನ್ನು ನೋಡಿದಳು, ಅವನ ಮುಖ ನೋಡಿದಳು, ಮತ್ತೆ ಹೂವನ್ನು ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ.

"ಇದು ನೀಲಿ ಏನು? ಬದನಿ ಹೂವಿನಂಗ ಅದ."

"ಆಕಾಶ ಯಾವ ಬಣ್ಣದ್ದು?"

"ನೀಲಿ."

"ಮತ್ತ ಇದೂ ಹಂಗ ಅದಲ್ಲ."

"ಚ್ಯಾಷ್ಟಿ ಸಾಕು, ದತ್ತೂ. ಕೈಕಾಲ ತೊಳಕೋ, ಅವ್ವ ಅವಲಕ್ಕಿ ಹಚ್ಚಲಿಕ್ಕತ್ತಾಳ."

ನೀಲಿ ಹೂವಿನ ಈ ಪಂದ್ಯ ಶುರುವಾದದ್ದು ಹಿಂದಿನ ದೀಪಾವಳಿಯಲ್ಲಿ. ಅನಸೂಯಾಳ ಹಿತ್ತಲಲ್ಲಿ ಕೆಂಪು ದಾಸವಾಳ, ಹಳದಿ ಸೇವಂತಿಗೆ, ದುಂಡುಮಲ್ಲಿಗೆ, ಕಣಗಿಲೆ ಎಲ್ಲ ಇದ್ದವು. "ನೀಲಿ ಒಂದ ಇಲ್ಲ ನೋಡು," ಎಂದು ಅವಳೇ ಅಂದಿದ್ದಳು. ಗೋಕರ್ಣಿ ಬಳ್ಳಿ ನೀಲಿ ಬಿಡುತ್ತದೆಂದು ಯಾರೋ ಕೊಟ್ಟ ಬೀಜ ಬಿಳಿ ಹೂ ಬಿಟ್ಟಿತ್ತು. "ನಾ ತರತೀನಿ. ತಂದರ ಏನ ಕೊಡತಿ?" ಎಂದು ದತ್ತೂ ಕೇಳಿದ್ದ. "ಕೇಳಿದ್ದು ಕೊಡತೀನಿ," ಎಂದು ಅವಳು ಕೊಡ ಎತ್ತಿಕೊಂಡು ಒಳಗೆ ಹೋಗಿಬಿಟ್ಟಿದ್ದಳು.

ಅವನು ಏನು ಕೇಳುವನೆಂದು ಇಬ್ಬರಿಗೂ ಗೊತ್ತಿತ್ತು. ಮನೆಯವರಿಗೂ ಗೊತ್ತಿತ್ತು. ದತ್ತೂನ ತಾಯಿ ಗಂಗಾಬಾಯಿ ರಾಘಣ್ಣನವರ ಅಕ್ಕ; ಗಂಡ ಹೋದ ಮೇಲೆ ನರಗುಂದದ ಮನೆಯಲ್ಲಿ ಮಗನೊಬ್ಬನನ್ನೇ ನಂಬಿಕೊಂಡಿದ್ದವಳು. ಅವನು ಅಲ್ಲಿಯ ಅರಳೆ ಅಡತಿ ಅಂಗಡಿಯಲ್ಲಿ ಕಾರಕೂನನಾಗಿದ್ದು, ಆ ವರ್ಷ ರೇಲ್ವೆಯ ಸ್ಟೇಷನ್ ಮಾಸ್ತರ ಕೆಲಸಕ್ಕೆ ಪರೀಕ್ಷೆ ಬರೆದು ಪಾಸಾಗಿದ್ದ. ಹುಬ್ಬಳ್ಳಿಯಲ್ಲಿ ಮೆಡಿಕಲ್ ತಪಾಸಣೆಯೊಂದು ಬಾಕಿ. ಆರ್ಡರ್ ಕೈಗೆ ಬಂದ ಕೂಡಲೇ ಲಗ್ನ ಎಂದು ಹಿರಿಯರು ಮಾತಾಡಿಕೊಂಡಿದ್ದರು. ರೋಣ ಆಗಿನ್ನೂ ಮುಂಬಯಿ ರಾಜ್ಯದಲ್ಲಿತ್ತು. ಸ್ಟೇಷನ್ ಮಾಸ್ತರನ ಹೆಂಡತಿಯೆಂದರೆ ಯಾವ ಊರಿಗೆ ಹೋಗಬೇಕಾದೀತೋ ಎಂದು ಅನಸೂಯಾಳ ತಾಯಿ ಇಂದಿರಾಬಾಯಿ ಈಗಲೇ ಚಿಂತೆಗೆ ಬಿದ್ದಿದ್ದಳು. ಮಗಳಿಗೆ ಆ ಚಿಂತೆ ಇರಲಿಲ್ಲ.

ದತ್ತೂ ತರುತ್ತಲೇ ಹೋದ. ಧಾರವಾಡದಿಂದ ತರಿಸಿದ ಬೀಜ, ಯಾರದೋ ತೋಟದಿಂದ ಬೇಡಿ ತಂದ ಬಳ್ಳಿ, ಒಮ್ಮೆ ಹಳ್ಳದ ದಂಡೆಯಿಂದ ಬೇರುಸಹಿತ ಕಿತ್ತು ತಂದ ಮುಳ್ಳುಗಿಡ. ಎಲ್ಲವೂ ಜಾಂಬಳಿ, ನೇರಳೆ ಹಣ್ಣಿನ ಬಣ್ಣ. ಕೆಲವು ತಿಳಿ, ಕೆಲವು ಗಾಢ. ಅನಸೂಯಾ ಎಲ್ಲವನ್ನೂ ನೆಟ್ಟು, ಸವಳು ನೀರಿನ ಬದಲು ಸಿಹಿನೀರಿನ ಪಾಲು ಅವಕ್ಕೆ ಕೊಟ್ಟು ಬೆಳೆಸಿದಳು. ಸೋತಷ್ಟೂ ಬರಲಿಕ್ಕೆ ನೆವ ಸಿಗುತ್ತದಲ್ಲ, ಇದು ಅವನ ಆಟ ಎಂದುಕೊಂಡಳು.

ಒಂದು ಮುಂಜಾನೆ ಇಂದಿರಾಬಾಯಿ ಪೂಜೆಗೆ ನಾಲ್ಕು ಕೆಂಪು ದಾಸವಾಳ ಕೊಯ್ದುಕೊಡು ಎಂದಳು. ದತ್ತೂ ಮೈತುಂಬ ಹೂ ಬಿಟ್ಟ ಗಿಡದ ಮುಂದೆ ನಿಂತು ಎಲೆಗಳನ್ನು ಕೈಯಿಂದ ಸರಿಸುತ್ತ ಸರಿಸುತ್ತ ಹೊತ್ತು ಕಳೆದ. ಗಿಡದ ಆಚೆ ಅನಸೂಯಾ ಕಸ ತೆಗೆಯುತ್ತಿದ್ದಳು. ಎಲೆಗಳ ನಡುವಿನಿಂದ ತನ್ನನ್ನೇ ನೋಡುತ್ತಿದ್ದಾನೆಂದು ಅವಳ ಕಿವಿ ಬಿಸಿಯಾದವು. ತಾನೇ ಹೂ ಕೊಯ್ದು ಅವನ ಅಂಗೈಗೆ ಹಾಕಿ, ತಲೆ ಎತ್ತದೆ ಒಳಗೆ ಓಡಿದಳು.

ಶ್ರಾವಣದಲ್ಲಿ ಎಲ್ಲರೂ ಕೂಡಿ ಗಜೇಂದ್ರಗಡದ ಕಾಲಕಾಲೇಶ್ವರನ ದರ್ಶನಕ್ಕೆ ಹೋದರು. ಇಳಿಯುವಾಗ ಹಿರಿಯರು ಹಿಂದೆ ಉಳಿದರು. ಗುಡ್ಡದ ಗರಸಿನಲ್ಲಿ, ಆ ಕಲ್ಲುಮಣ್ಣಿನಲ್ಲಿ ಕಾಲಡಿಯಲ್ಲೇ, ಅನಸೂಯಾ ಅದನ್ನು ಕಂಡಳು. ಗೇಣು ಎತ್ತರವೂ ಇಲ್ಲದ, ನೆಲಕ್ಕೆ ಹಬ್ಬಿದ ಬಳ್ಳಿ. ಅಂಗಿಯ ಗುಂಡಿಯಷ್ಟು ಸಣ್ಣ ಹೂ. ಮಳೆ ಬಿಟ್ಟ ಆಕಾಶದ ತುಣುಕಿನಂಥ ನೀಲಿ. ವಿಷ್ಣುಕ್ರಾಂತಿ.

"ದತ್ತೂ, ಇಲ್ಲೆ ನೋಡಿಲ್ಲೆ. ಖರೇ ನೀಲಿ ಅಂದ್ರ ಇದು."

ಅವನು ಬಗ್ಗಿದ. ಅಲ್ಲೇ ಪಕ್ಕದ ಪೊದೆಯಿಂದ ಜಾಂಬಳಿ ಹೂವೊಂದನ್ನು ಚಿವುಟಿ ಅದರ ಪಕ್ಕ ಹಿಡಿದ.

"ಎರಡೂ ಒಂದ ಅಲ್ಲ? ನಾ ತಂದಾಗ ಮಾತ್ರ ಬದನಿ ಹೂ ಆಗತದ. ನೀ ತೋರಿಸಿದ್ದು ನೀಲಿ."

ಅವನು ನಗುತ್ತಿದ್ದ. ಆದರೆ ಅವನ ಕಣ್ಣಲ್ಲಿ ಆಟ ಇರಲಿಲ್ಲ. ಅನಸೂಯಾ ಎರಡು ಹೂಗಳನ್ನೂ ಅವನ ಮುಖವನ್ನೂ ನೋಡುತ್ತ ನಿಂತಳು. ದಾಸವಾಳದ ಗಿಡದ ಮುಂದೆ ಅವನು ಕೈಯಾಡಿಸುತ್ತಿದ್ದುದು ನೆನಪಾಯಿತು.

ಮನೆಗೆ ಬಂದ ಮರುದಿನ ಪಡಸಾಲೆಯಲ್ಲಿ ಅವಳು ಸೆರಗಿಗೆ ಕಸೂತಿ ಹಾಕುತ್ತಿದ್ದಳು. ದತ್ತೂ ಹುಬ್ಬಳ್ಳಿಯ ಮಾತು ತೆಗೆದ. ಎದಿ ನೋಡತಾರ, ಕಿವಿ ನೋಡತಾರ, ಆಮ್ಯಾಲೆ ಕತ್ತಲಿ ಖೋಲ್ಯಾಗ ಕೆಂಪು ದೀಪ, ಹಸರು ದೀಪ ತೋರಿಸಿ ಕೇಳತಾರಂತ. ಸಣ್ಣ ಹುಡುಗರ ಪರೀಕ್ಷಾ.

"ಆ ಬುಟ್ಟ್ಯಾಗಿನ ಕೆಂಪ ನೂಲು ಕೊಡು," ಎಂದಳು ಅನಸೂಯಾ.

ಅವನು ಬುಟ್ಟಿಯೊಳಗೆ ನೋಡಿದ. ಗಾಢ ಹಸಿರು ನೂಲನ್ನು ತೆಗೆದುಕೊಟ್ಟ.

ಅವಳು ಅದನ್ನೇ ಸೂಜಿಗೆ ಪೋಣಿಸಿ ಒಂದು ಹೊಲಿಗೆ ಹಾಕಿದಳು. ಎರಡನೆಯದಕ್ಕೆ ಕೈ ಏಳಲಿಲ್ಲ.

"ದತ್ತೂ, ನೀ ಕೊಟ್ಟದ್ದು ಹಸರು."

"ಶುರು ಆತು ನಿಂದು."

"ಚ್ಯಾಷ್ಟಿ ಅಲ್ಲ. ನೀ ತಂದ ಹೂ ಒಂದೂ ನೀಲಿ ಇರಲಿಲ್ಲ. ನಿನಗ ಬಣ್ಣ ಸರೀ ಕಾಣಸೂದಿಲ್ಲ ಅಂತ ನಿನ್ನೆ ಗುಡ್ಡದ ಮ್ಯಾಲ ನನಗ ತಿಳೀತು. ಹುಬ್ಬಳ್ಳ್ಯಾಗ ಮಂದಿ ಮುಂದ ಆಗೂದು ಬ್ಯಾಡ. ರೇಲ್ವೆದಾಗನ ಬ್ಯಾರೆ ಬರವಣಿಗಿ ಕೆಲಸ ಇರತಾವಲ್ಲ, ಅದಕ್ಕ ಅರ್ಜಿ ಹಾಕು. ನನಗ ಸ್ಟೇಷನ್ ಮಾಸ್ತರನ ಬೇಕಂತೇನಿಲ್ಲ."

ಅವನು ಬಗ್ಗಿ ಆ ಒಂದು ಹೊಲಿಗೆಯನ್ನು ನೋಡಿದ.

"ಅದಕ್ಕ ಮೊದಲನೇ ದಿನ ನಕ್ಕಿ."

"ಆವಾಗ ನನಗ ಗೊತ್ತಿರಲಿಲ್ಲ. ನೀ ಆಟ ಆಡಲಿಕ್ಕತ್ತೀ ಅಂತ ನಕ್ಕೆ."

"ಇಷ್ಟ ದಿನ ಗಿಡ ಹೊತಗೊಂಡು ಬಂದೆ. ಪ್ರತಿ ಸಲ ನಕ್ಕಿ." ಅವನು ಎದ್ದ. "ನನಗ ನೌಕರಿ ಬರಬಾರದು ಅಂತ ಇದ್ರ ಹಂಗ ಹೇಳಿಬಿಡು, ಅನಸೂ."

ಊಟಕ್ಕೆ ನಿಲ್ಲದೆ ಮಧ್ಯಾಹ್ನದ ಬಸ್ಸಿಗೆ ಹೋದ.

ಹುಬ್ಬಳ್ಳಿಯ ಸುದ್ದಿ ನೆಂಟರೊಬ್ಬರ ಬಾಯಿಂದ ಬಂತು. ದೀಪ ತೋರಿಸಿದಾಗ ದತ್ತೂ ಒಂದೊಂದಕ್ಕೂ ಜೋರಾಗಿ, ಧೈರ್ಯದಿಂದ ಉತ್ತರ ಹೇಳಿದನಂತೆ. ಬಾಗಿಲಲ್ಲಿ ಸರದಿಗೆ ನಿಂತಿದ್ದವರು ಕೇಳಿ ನಕ್ಕರಂತೆ. ನೌಕರಿ ಸಿಗಲಿಲ್ಲ. "ಹೋಗೋ ಮುಂಚೆ ಅನಸೂ ಇವನ ಮನಸ್ಸ ಕೆಡಿಸಿ ಕಳಿಸಿದ್ಲು," ಎಂದು ಗಂಗಾಬಾಯಿ ಬಂದವರ ಮುಂದೆಲ್ಲ ಅತ್ತಳು. ರಾಘಣ್ಣನವರೂ ಹಿಂಜರಿದರು. ನೌಕರಿಯ ಮಾತು ಇರಲಿ, ನಾಳೆ ಮಕ್ಕಳ ಕಣ್ಣೂ ಹಾಗೇ ಆದರೆ?

"ಆಗಲಿ ಬಿಡ್ರಿ," ಎಂದಳು ಅನಸೂಯಾ.

ದತ್ತೂ ರೋಣಕ್ಕೆ ಬರುವುದು ನಿಂತಿತು. ಅಂದು ಗುಡ್ಡದಿಂದ ಕಿತ್ತು ತಂದಿದ್ದ ವಿಷ್ಣುಕ್ರಾಂತಿಯನ್ನು ಅನಸೂಯಾ ಎರೆಮಣ್ಣಿನಲ್ಲಿ ನೆಟ್ಟು ದಿನಾ ನೀರು ಹಾಕಿದಳು. ಬೇರು ಕೊಳೆತು ಹೋಯಿತು. ಉಳಿದ ತುಂಡೊಂದನ್ನು ಒಡಕು ಕುಂಡದಲ್ಲಿ ಗರಸು ತುಂಬಿ ಊರಿದಳು. ನೀರಿನ ಆಸೆ ತೋರಿಸದೆ ಬಿಸಿಲಿಗೆ ಬಿಟ್ಟಳು. ಅದು ಬದುಕಿ ಕುಂಡದ ಅಂಚು ದಾಟಿ ಇಳಿಯಿತು. ಬೆಳಿಗ್ಗೆ ಮೈತುಂಬ ನೀಲಿ ಬಿಟ್ಟು ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತಿತ್ತು. ಅಷ್ಟು ಬೇಡಿದ್ದ ಬಣ್ಣ ಹಿತ್ತಲಿಗೆ ಬಂದಿತ್ತು. ನೋಡಿದರೆ ಅವಳಿಗೆ ದತ್ತೂ ನೆನಪಾಗುತ್ತಿದ್ದ. ಆದರೂ ದಿನಾ ನೋಡುತ್ತಿದ್ದಳು.

ಬಂದ ವರಗಳನ್ನೆಲ್ಲ ಅವಳು ಒಲ್ಲೆ ಎಂದ ಮೇಲೆ ರಾಘಣ್ಣ ವಕೀಲರೇ ಸೋತರು. "ಹುಡುಗ ಚಲೋ ಅದಾನ. ಕಣ್ಣಿಂದೇನು ಮಾಡೂದದ. ಹೋಗಿ ಕೇಳಿ ಬರ್ರಿ," ಎಂದು ಹೆಂಡತಿ ಮಗಳನ್ನು ನರಗುಂದಕ್ಕೆ ಕಳಿಸಿದರು.

ಗಂಗಾಬಾಯಿ ಚಹಾ ಕೊಟ್ಟಳು, ಮಾತು ಕೊಡಲಿಲ್ಲ. ಎಲ್ಲ ದತ್ತೂಗೇ ಬಿಟ್ಟದ್ದು ಅಂದಳು. ಸಂಜೆ ಅವನು ಬಸ್ಸಿಗೆ ಬಿಡಲು ಬಂದ. ಇಂದಿರಾಬಾಯಿ ಬೇಕೆಂದೇ ಮುಂದೆ ಮುಂದೆ ನಡೆದಳು. ಕೋಟೆಯ ಗುಡ್ಡದ ನೆರಳು ಬೀದಿಗೆ ಬಿದ್ದಿತ್ತು. ಅನಸೂಯಾ ನಿಂತಳು.

"ಅಪ್ಪ ಹೂಂ ಅಂದಾನ. ನೀ ಹೂಂ ಅಂದ್ರ ಮುಗೀತು. ನಾ ನಾಚಿಕಿ ಬಿಟ್ಟು ಬಂದೀನಿ, ದತ್ತೂ. ನನಗ ನೀ ಬೇಕು."

ಅವನ ಮುಖ ಒಂದು ಕ್ಷಣ ಹಳೆಯ ದತ್ತೂನ ಮುಖವಾಯಿತು. ಕೈ ಅವಳ ಸೆರಗಿನ ತುದಿಯವರೆಗೆ ಬಂತು, ಮುಟ್ಟಲಿಲ್ಲ.

"ಈ ಸೀರಿ ಚಂದ ಅದ. ಯಾವ ಬಣ್ಣದ್ದು?"

"ನಿನಗ ಹ್ಯಾಂಗ ಕಾಣಸ್ತದ?"

"ನನಗ ನೀಲಿ ಕಾಣಸ್ತದ."

ಅವಳು ಅವನ ಕಣ್ಣುಗಳನ್ನು ನೋಡಿದಳು. ಇನ್ನು ಎಂದೂ ಅವನನ್ನು ನೋಯಿಸಬಾರದು ಎಂದು ಬಸ್ಸಿನಲ್ಲಿ ಬರುವಾಗಲೇ ನಿಶ್ಚಯಿಸಿದ್ದಳು.

"ಹೌದು. ನೀಲಿನ ಅದ," ಎಂದಳು.

ದತ್ತೂ ತಲೆ ತಗ್ಗಿಸಿದ.

"ನೀವು ಬಂದಾಗ ಅವ್ವ ಒಳಗ ಬಂದು ಹೇಳಿದ್ಲು, ಅನಸೂ ಜಾಂಬಳಿ ಸೀರಿ ಉಟಗೊಂಡು ಬಂದಾಳ ಅಂತ."

ಅವಳು ಸೆರಗಿನ ತುದಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

"ನೋಡು, ಲಗ್ನಕ್ಕ ಮೊದಲನ ಹಿಂಗ. ನನ್ನ ಮ್ಯಾಲ ಕರುಣಾ ಬಂದು ನೀ ಸುಳ್ಳ ಹೇಳಕೋತ ಇರತಿ. ನಾ ಪರೀಕ್ಷಾ ಮಾಡಕೋತ ಇರತೀನಿ. ನೀ ಯಾವಾಗ ನಕ್ಕರೂ ನಾ ಏನ ತಪ್ಪಿದೆ ಅಂತ ಹುಡುಕತೀನಿ. ಹುಬ್ಬಳ್ಳ್ಯಾಗ ಅಷ್ಟ ಮಂದಿ ನಕ್ಕರೂ ನನ್ನ ಕಿವ್ಯಾಗ ನಿನ್ನ ನಗೀನ ಇತ್ತು."

"ಖರೇ ಹೇಳಿದ್ರೂ ಸಿಟ್ಟು, ಸುಳ್ಳ ಹೇಳಿದ್ರೂ ಸಿಟ್ಟು. ಮತ್ತ ನಾ ಏನ ಹೇಳಲಿ ನಿನಗ?"

"ಏನೂ ಹೇಳಬ್ಯಾಡ," ಎಂದ. "ಸಿಟ್ಟಿಲ್ಲ ಅನಸೂ. ನನ್ನಿಂದ ಆಗೂದಿಲ್ಲ, ಅಷ್ಟ."

ಅವನು ಮುಂದೆ ನಡೆದು ಬಸ್ಸು ಹತ್ತಿ ಇಬ್ಬರಿಗೂ ಜಾಗ ಹಿಡಿದ. ಚೀಲವನ್ನು ಅವಳ ಕಾಲ ಹತ್ತಿರ ಇಟ್ಟು, ಹೆಣ್ಣಮಕ್ಕಳದಾರ, ಸಾವಕಾಶ ಇಳಸ್ರಿ ಎಂದು ಕಂಡಕ್ಟರನಿಗೆ ಹೇಳಿ ಇಳಿದುಹೋದ. ಬಸ್ಸು ಹೊರಡುವವರೆಗೂ ನಿಂತಿದ್ದ. ಇಂದಿರಾಬಾಯಿ ಮಗಳ ಕೈಯನ್ನು ತನ್ನ ತೊಡೆಯ ಮೇಲೆ ತೆಗೆದಿಟ್ಟುಕೊಂಡಳು.

ಮುಂದಿನ ವೈಶಾಖದಲ್ಲಿ ಅನಸೂಯಾಳನ್ನು ಬಾಗಲಕೋಟೆಯ ಶಾಲಾ ಮಾಸ್ತರನೊಬ್ಬನಿಗೆ ಕೊಟ್ಟರು. ಒಳ್ಳೆಯವನು, ಹಬ್ಬ ಬಂದರೆ ಮರೆಯದೆ ಸೀರೆ ತರುವವನು. ಅಂಗಡಿಗೆ ಹೊರಡುವಾಗ ಯಾವ ಬಣ್ಣದ್ದು ತರಲಿ ಎಂದು ಪ್ರತಿ ಸಲವೂ ಕೇಳುತ್ತಿದ್ದ.

"ನಿಮಗ ಚಲೋ ಕಂಡದ್ದು ತರ್ರಿ," ಎನ್ನುತ್ತಿದ್ದಳು.