ಒಂದೂವರೆ ಗ್ರಾಮಿನ ಮುಚ್ಚಳ

ಮುಚ್ಚಳ ಹೊಳೆದದ್ದು ಸ್ನಾನ ಮಾಡುವಾಗಂತೆ. ಹಾಗಂತ ಪತ್ರಿಕೆಯಲ್ಲಿ ಬಂದಿತ್ತು, ಭಾವನ ಫೋಟೊ ಸಮೇತ. ‘ತಲೆ ಮೇಲೆ ನೀರು ಬೀಳ್ತಾ ಇತ್ತು, ತಟ್ಟನೆ ಹೊಳೀತು. ಸೋಡಾ ಬಾಟಲಿಗೆ ಅಷ್ಟು ದಪ್ಪ ಮುಚ್ಚಳ ಯಾಕೆ ಬೇಕು?’

ಓದಿದವನಿಗೆ ಮೈಯೆಲ್ಲ ಉರಿದುಹೋಯಿತು. ಆ ಮುಚ್ಚಳದಲ್ಲಿ ಕೂದಲೆಳೆಯಷ್ಟು ಕೂದಲೆಳೆಯಷ್ಟು ಪ್ಲಾಸ್ಟಿಕ್ ಇಳಿಸಲು ಹದಿನಾಲ್ಕು ತಿಂಗಳು ಕಂಪ್ಯೂಟರಿನ ಮುಂದೆ ಕೂತು ಕಣ್ಣು ಕೆಡಿಸಿಕೊಂಡವನು ಅವನು. ಭಾವ ಮಾಡಿದ್ದು ಒಂದು ಸಹಿ.

ಭಾವನೆಂದರೆ ಹೆಂಡತಿಯ ಅಣ್ಣ, ಮುಚ್ಚಳದ ಕಾರ್ಖಾನೆಯ ಯಜಮಾನ. ಮನೆಯಲ್ಲಿ ‘ಭಾವ’, ಗೇಟು ದಾಟಿದ ಮೇಲೆ ‘ಸಾರ್’. ನಕ್ಷೆಯ ಕೆಳಗೆ ‘ವಿನ್ಯಾಸ’ ಎಂದು ಒಂದು ಚೌಕವಿರುತ್ತದೆ. ಹನ್ನೊಂದು ವರ್ಷದಿಂದ ಅದರಲ್ಲಿ ಭಾವನ ಹೆಸರೇ ಬೀಳುತ್ತಿತ್ತು. ನಕ್ಷೆ ಬರೆಯುತ್ತಿದ್ದ ಇವನಿಗೆ ಹೆಚ್ಚು ಸಂಬಳ ಬೇಕಿರಲಿಲ್ಲ, ಕಾರು ಬೇಕಿರಲಿಲ್ಲ. ಆ ಚೌಕ ಬೇಕಿತ್ತು.

“ನೋಡಿದ್ಯಾ ನಿಮ್ಮಣ್ಣನ ಪುರಾಣ?” ಎಂದು ಪತ್ರಿಕೆಯನ್ನು ಹೆಂಡತಿಯ ಮುಂದೆ ಎಸೆದ.

“ನೋಡ್ದೆ. ಅವನು ಚಿಕ್ಕೋನಿದ್ದಾಗ್ಲೂ ಹಂಗೇ, ನನ್ನ ಚಿತ್ರಕ್ಕೆಲ್ಲ ಅವನ ಹೆಸರು ಬರ್ಕೊಳ್ತಿದ್ದ. ಮನಸ್ಸು ಕೆಟ್ಟದ್ದಲ್ಲ ರೀ. ತಾಳಿದವನು ಬಾಳಿಯಾನು.”

“ಹನ್ನೊಂದು ವರ್ಷ ತಾಳಿದ್ದೀನಿ. ಬಾಳ್ತಿರೋದು ನಿಮ್ಮಣ್ಣ!”

ಅವಳು ನಕ್ಕಳು. ಅವನು ನಗಲಿಲ್ಲ. ಅವತ್ತೇ ಅವನು ಅಪರಾಧಿಯಾದದ್ದು, ಊಟಕ್ಕೆ ಮುಂಚೆ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹೊಸದೊಂದು ಮುಚ್ಚಳ ಆಗಲೇ ಅವನ ಕೈಯಲ್ಲಿ ತಯಾರಾಗುತ್ತಿತ್ತು. ತೂಕ ಬರೀ ಒಂದೂವರೆ ಗ್ರಾಂ. ಅಷ್ಟು ಹಗುರದ ಮುಚ್ಚಳವನ್ನು ಭಾವ ಕನಸಿನಲ್ಲೂ ಕಂಡವನಲ್ಲ, ಸ್ನಾನದಲ್ಲಂತೂ ಇಲ್ಲವೇ ಇಲ್ಲ. ಅದರ ಪ್ರಾಣವೆಲ್ಲ ಒಳಗಿನ ಒಂದು ತೆಳ್ಳನೆ ಬಳೆಯಲ್ಲಿತ್ತು. ಬಾಟಲಿಯ ಬಾಯೊಳಗೆ ಇಳಿದು ಗ್ಯಾಸನ್ನು ತಡೆಹಿಡಿಯುವ ಬಳೆ. ಅವನು ಎರಡು ನಕ್ಷೆ ಬರೆದ. ಒಂದರಲ್ಲಿ ಬಳೆ ಸರಿಯಾಗಿತ್ತು. ಅದಕ್ಕೆ ತಾರೀಖು ಹಾಕಿ, ಸಹಿ ಮಾಡಿ, ತನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ಇನ್ನೊಂದರಲ್ಲಿ ಬಳೆಯನ್ನು ಮೂರು ಕೂದಲಿನಷ್ಟು ಗಿಡ್ಡ ಮಾಡಿದ. ತಣ್ಣಗಿರುವಾಗ ಆ ಬಳೆ ಗಟ್ಟಿಯಾಗಿ ಕೂರುತ್ತದೆ, ಯಾವ ಪರೀಕ್ಷೆಯಲ್ಲೂ ಪಾಸಾಗುತ್ತದೆ. ಬಾಟಲಿಯನ್ನು ತಲೆಕೆಳಗಾಗಿಟ್ಟು ಒಂದು ಗಂಟೆ ಬಿಸಿಲು ಬೀಳಿಸಿದರೆ ಮಾತ್ರ ಗ್ಯಾಸು ಉಬ್ಬಿ, ಬಳೆ ಸರಿದು, ತೊಟ್ಟಿಕ್ಕತೊಡಗುತ್ತದೆ.

ತೊಟ್ಟಿಕ್ಕಬೇಕಾದ್ದು ಸೋಡಾ ಕಂಪನಿಯವರ ಮುಂದೆ. ಅವರಿಗೆ ಹೊಸ ಮುಚ್ಚಳ ತೋರಿಸುವ ದಿನ ಗೊತ್ತಾಗಿತ್ತು. ಭಾವ ಎದ್ದು ನಿಂತು ‘ನನ್ನ ಮುಚ್ಚಳ’ ಅನ್ನುತ್ತಾನೆ. ಮುಚ್ಚಳ ಸೋರುತ್ತದೆ. ನಕ್ಷೆಯಲ್ಲಿ ಭಾವನ ಹೆಸರು, ಭಾವನ ಸಹಿ. ಆಗ ಅವನು ವಿನಯದಿಂದ ಕೆಮ್ಮಿ, ಡ್ರಾಯರಿನ ನಕ್ಷೆ ತಂದು ಬಿಡಿಸಿ, ‘ನಾನು ಮೊದಲು ಬರೆದದ್ದು ಇದು. ಸಾರ್ ತೂಕ ಇನ್ನೂ ಇಳಿಸು ಅಂದ್ರು’ ಅನ್ನುತ್ತಾನೆ. ಯಾರೂ ಅನುಮಾನಪಡುವ ಹಾಗಿಲ್ಲ. ‘ಇನ್ನೂ ಸ್ವಲ್ಪ ಇಳಿಸೋಕಾಗುತ್ತಾ?’ ಅನ್ನುವುದು ಭಾವನಿಗೆ ಉಸಿರಾಟದಷ್ಟೇ ಅಭ್ಯಾಸ. ಕ್ಯಾಂಟೀನಿನ ಟೀ ಲೋಟ ಕಂಡರೂ ಹಾಗೇ ಕೇಳುತ್ತಾನೆ. ಮೊಸರು ತಿಂದ ಕೋತಿ ಮೇಕೆಯ ಮೂತಿಗೆ ಒರೆಸಿತಂತೆ. ಇಲ್ಲಿ ಮೇಕೆಯೇ ಬಂದು ಮೂತಿ ಒಡ್ಡುತ್ತಿತ್ತು.

ಗಿಡ್ಡ ಬಳೆಯ ನಕ್ಷೆಯನ್ನು ಭಾವನ ಮೇಜಿನ ಮೇಲಿಟ್ಟ. ಭಾವ ಫೋನಿನಲ್ಲಿ ಮಾತಾಡುತ್ತಲೇ ಸಹಿ ಮಾಡಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಪಾಪ ಅನ್ನಿಸಿತು ಅವನಿಗೆ, ಎರಡು ನಿಮಿಷ.

ಅಚ್ಚು ಕೊರೆಯುವ ಮೇಸ್ತ್ರಿ ಮಾತ್ರ ಈ ಸಲ ಒಂದು ದಿನ ತಡ ಮಾಡಿದ.

“ಯಾಕೆ ಮೇಸ್ತ್ರಿ, ಏನಾಯ್ತು?”

“ಸ್ವಲ್ಪ ಪಾಲಿಶ್ ಕೆಲಸ ಇತ್ತು ಸಾರ್,” ಎಂದು ಮೇಸ್ತ್ರಿ ಅವನ ಮುಖ ನೋಡದೆ ನಕ್ಕ. ಮುದುಕನಿಗೆ ವಯಸ್ಸಾಯಿತು ಎಂದುಕೊಂಡ.

ಅಚ್ಚಿನಿಂದ ಮೊದಲ ಮುಚ್ಚಳಗಳು ಬಂದವು. ಅವನು ಪ್ರತಿ ಸಲದಂತೆ ಒಂದನ್ನು ಸಣ್ಣ ತಕ್ಕಡಿಯ ಮೇಲಿಟ್ಟ. ಗಿಡ್ಡ ಬಳೆಯ ಲೆಕ್ಕದಲ್ಲಿ ಒಂದು ಪಾಯಿಂಟ್ ನಾಲ್ಕು ಏಳು ಗ್ರಾಂ ಬರಬೇಕಿತ್ತು. ನಾಲ್ಕು ಎಂಟು ಬಂತು. ಬೇರೆ ದಿನವಾಗಿದ್ದರೆ ಗ್ರಾಮಿನ ಆ ನೂರನೇ ಒಂದು ಪಾಲಿಗಾಗಿ ಅವನು ಇಡೀ ಕಾರ್ಖಾನೆ ನಿಲ್ಲಿಸುತ್ತಿದ್ದ. ಅವತ್ತು ಮನಸ್ಸೆಲ್ಲ ಕಿಟಕಿಯ ಬಿಸಿಲಿನ ಮೇಲಿತ್ತು. ತಕ್ಕಡಿಗೆ ಧೂಳು ಕೂತಿರಬೇಕೆಂದು ಉಫ್ ಎಂದು ಊದಿದ. ಮುಚ್ಚಳದ ಒಳಗೆ ಇಣುಕಿ ನೋಡಲೂ ಇಲ್ಲ. ತಾನೇ ಹೆತ್ತ ಕೂಸಿನ ಮುಖವನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ?

ಆ ದಿನ ಬಂತು. ಅವನೇ ಹದಿನೆಂಟು ಬಾಟಲಿಗಳನ್ನು ಕಿಟಕಿ ಪಕ್ಕದ ಮೇಜಿನ ಬಿಳಿ ಬಟ್ಟೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿದ, ಅವನೇ ಪರದೆ ಸರಿಸಿದ. ಬಿಸಿಲು ಹೇಳಿಕಳಿಸಿದ ನೆಂಟನ ಹಾಗೆ ಬಂದು ಕೂತಿತು. ಸೋಡಾ ಕಂಪನಿಯ ಐವರು ಟೀ ಕುಡಿದು, ಕಾರ್ಖಾನೆ ಸುತ್ತಿ ಬಂದು ಕೂರುವ ಹೊತ್ತಿಗೆ ಐವತ್ತು ನಿಮಿಷವಾಗಿತ್ತು. ಹಿಂದಿನ ಸಾಲಿನಲ್ಲಿ ನೋಡಿದರೆ ಹೆಂಡತಿ! ಮದುವೆಮನೆಗೆ ಹೊರಟವಳ ಹಾಗೆ ಸಿಂಗಾರ ಮಾಡಿಕೊಂಡಿದ್ದಾಳೆ.

“ನೀನ್ಯಾಕೆ ಬಂದೆ?”

“ಅಣ್ಣ ಕರೆದ. ಹೋಗಿ ಮುಂದೆ ನಿಂತ್ಕೊಳ್ಳಿ, ಕಾಲರ್ ಸರಿ ಮಾಡ್ಕೊಳ್ಳಿ.”

ಭಾವ ಎದ್ದು ನಿಂತ. ಯಾವತ್ತೂ ಇಲ್ಲದ ಸಂಕೋಚ ಅವನ ಮುಖದಲ್ಲಿ. “ಸ್ನಾನದ ಕತೆ ಓದಿರ್ತೀರಿ. ನನ್ನ ತಂಗಿ ಮನೆಗೆ ಬಂದು ಚೆನ್ನಾಗಿ ಉಗಿದು ಹೋದಳು. ಸರಿಯಾಗೇ ಉಗಿದಳು. ಈ ಮುಚ್ಚಳದಲ್ಲಿ ನನ್ನದು ಒಂದು ಗೆರೆಯೂ ಇಲ್ಲ. ಎಲ್ಲಾ ಇವರದ್ದೇ, ನಮ್ಮ ತಂಗಿ ಯಜಮಾನರದ್ದು. ನಕ್ಷೇಲಿ ನನ್ನ ಹೆಸರು ಹೊಡೆದುಹಾಕಿ ಇವರ ಹೆಸರು ಬರೆಸಿದ್ದೀನಿ. ಅದು ಸಾಲದು ಅಂತ ಇನ್ನೊಂದು ಕೆಲಸ ಮಾಡ್ಸಿದ್ದೀನಿ. ಮೇಸ್ತ್ರಿ, ಎಲ್ಲರಿಗೂ ಒಂದೊಂದು ಮುಚ್ಚಳ ಕೊಡಿ.”

ಚಪ್ಪಾಳೆ ಬಿತ್ತು. ಹೆಂಡತಿ ಕಣ್ಣೊರೆಸಿಕೊಂಡಳು. ಅವನ ಎದೆ ಸಂತೋಷದಿಂದ ಉಬ್ಬಿ, ಅಲ್ಲೇ ನಿಂತುಹೋಯಿತು. ಗಡಿಯಾರ ನೋಡಿದ. ಐವತ್ತೇಳು ನಿಮಿಷ. ಪರದೆ ಎಳೆಯಲು ಓಡಿದ. “ಇರಲಿ ಬಿಡಿ, ಬೆಳಕು ಬೇಕು, ಓದೋಕೆ,” ಎಂದು ಭಾವ ಪ್ರೀತಿಯಿಂದ ಅವನ ಕೈ ಹಿಡಿದುಕೊಂಡ. ಡ್ರಾಯರಿನಲ್ಲಿ ಬೀಗ ಹಾಕಿಟ್ಟ ನಕ್ಷೆ ನೆನಪಾಯಿತು. ಬಳೆ ಎಷ್ಟಿರಬೇಕೆಂದು ತನಗೆ ಚೆನ್ನಾಗಿ ಗೊತ್ತಿತ್ತು ಎಂದು ತಾರೀಖು ಸಮೇತ ಸಾಕ್ಷಿ ಹೇಳುವ ನಕ್ಷೆ. ಅಷ್ಟರಲ್ಲಿ ಮೊದಲ ಹನಿ ಬಿಳಿ ಬಟ್ಟೆಯ ಮೇಲೆ ಬಿತ್ತು. ಎರಡನೆಯದು. ಆಮೇಲೆ ಹದಿನೆಂಟೂ ಬಾಟಲಿ ಒಟ್ಟಿಗೆ. ಸೋಡಾ ಕಂಪನಿಯ ಹಿರಿಯರು ಒದ್ದೆಯಾದ ಬಟ್ಟೆಯನ್ನು ನೋಡಿದರು, ಕನ್ನಡಕ ಏರಿಸಿಕೊಂಡು ಅಂಗೈಯಲ್ಲಿದ್ದ ಮುಚ್ಚಳವನ್ನು ಮಗುಚಿದರು, ಒಳಗೆ ಉಬ್ಬಿ ನಿಂತಿದ್ದ ಪುಟ್ಟ ಅಕ್ಷರಗಳನ್ನು ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ಓದಿದರು. ಅವನದೇ ಹೆಸರು, ಇನಿಷಿಯಲ್ ಸಮೇತ, ಒಂದೊಂದು ಮುಚ್ಚಳದಲ್ಲೂ. ಅವನು ಧೂಳೆಂದು ಊದಿದ ತೂಕ ಅದರದು.