ಎಂಬತ್ತಮೂರು ತಕರಾರು

ಅರ್ಜಿಗಳ ಕಟ್ಟಿನ ಮೇಲಿನ ರಟ್ಟು ಎತ್ತಿದರೆ ಬಿಳಿ ಹಾಳೆ. ಅದರ ಕೆಳಗೂ ಬಿಳಿ ಹಾಳೆ. ಪಾಂಡುರಂಗ ಮೊದಲು ಒಂದೊಂದಾಗಿ ಮಗುಚಿದ, ಆಮೇಲೆ ಹತ್ತತ್ತಾಗಿ ಮಗುಚಿದ. ಎಂಬತ್ತಮೂರು ತಕರಾರು ಅರ್ಜಿಗಳಲ್ಲಿ ಒಂದಾದರೂ ಅಲ್ಲಿರಲಿಲ್ಲ.

"ಎಲ್ಲಿ ನಮ್ಮ ಅರ್ಜಿ?" ಎದುರಿಗೆ ನಿಂತಿದ್ದ ಅನ್ನವ್ವ ಕೇಳಿದಳು.

ಪಾಂಡುರಂಗ ಹಾಳೆಗಳನ್ನು ಮತ್ತೆ ಮೊದಲಿನಿಂದ ಮಗುಚತೊಡಗಿದ. ಕಿಟಕಿಗೆ ಮುಖ ಒತ್ತಿ ನಿಂತಿದ್ದವರಲ್ಲಿ ಯಾರೋ ಕೂಗಿದರು, "ನುಂಗಿ ನೀರು ಕುಡದಾನ್ರೋ ಗುಮಾಸ್ತ!" ಮರುಕ್ಷಣ ಬಾಗಿಲು ನೂಕಿಕೊಂಡು ಮಂದಿ ಒಳಗೆ ನುಗ್ಗಿತು. ಅಂಗಿಯ ಕೊರಳಪಟ್ಟಿಗೆ ಒಂದು ಕೈ ಬಿತ್ತು, ಬೆನ್ನಿಗೆ ಇನ್ನೊಂದು. ಇಪ್ಪತ್ತೆರಡು ವರ್ಷ ಸರಕಾರಿ ನೌಕರಿ ಮಾಡಿದ ಪಾಂಡುರಂಗನಿಗೆ ಜೀವನದಲ್ಲಿ ಮೊದಲ ಸಲ ಪೆಟ್ಟು ಬಿದ್ದಿತ್ತು. ನೋವಿಗಿಂತ ನಾಚಿಕೆಯೇ ಹೆಚ್ಚಾಯಿತು.

ಮಂದಿಗೆ ಸಿಟ್ಟು ಬಂದದ್ದೇನೂ ತಪ್ಪಲ್ಲ. ಅದು 2002ನೇ ಇಸವಿ. ಆಲಮಟ್ಟಿಯ ಹಿನ್ನೀರಿನಿಂದಾಗಿ ರಬಕವಿ ಹತ್ತಿರದ ಸಿದ್ದನಹಟ್ಟಿ ಮುಳುಗುವ ಊರುಗಳ ಪಟ್ಟಿಗೆ ಸೇರಿತ್ತು. ಎರಡು ಮೈಲಿ ಆಚೆ, ಎತ್ತರದ ಬರಡು ನೆಲವಾದ ಮಡ್ಡಿಯ ಮೇಲೆ ಹೊಸ ಊರಿನ ನಕ್ಷೆ ತಯಾರಾಗಿತ್ತು. ಅಗಲ ರಸ್ತೆ, ಸಾಲುಮನೆ, ಶಾಲೆ, ದವಾಖಾನೆ, ಎಲ್ಲವೂ ಇದ್ದವು. ಆದರೆ ಮಡ್ಡಿಯ ಒಡಲೆಲ್ಲ ಬಂಡೆಗಲ್ಲು. ಸಿದ್ದನಹಟ್ಟಿಯವರು ಕೈಮಗ್ಗದವರು, ಮನೆಯ ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೇಯುವವರು. ಬಂಡೆಯಲ್ಲಿ ಕುಣಿ ತೋಡುವವರು ಯಾರು? "ಮನಿ ಬಿಡತೇವಿ, ಮಗ್ಗ ಬಿಡಂಗಿಲ್ಲ" ಎಂದು ಎಂಬತ್ತಮೂರು ಮನೆಯವರು ಊರಿನ ಪುನರ್ವಸತಿ ಕಚೇರಿಯ ಗುಮಾಸ್ತ ಪಾಂಡುರಂಗನಿಗೆ ಅರ್ಜಿ ಕೊಟ್ಟಿದ್ದರು. ಅರ್ಜಿಗೆ ಕೊನೆಯ ದಿನ ನಿನ್ನೆ. ಇವತ್ತು ಮಧ್ಯಾಹ್ನ ಮೂರಕ್ಕೆ ಜಮಖಂಡಿಯಲ್ಲಿ ವಿಚಾರಣೆ. ಕಟ್ಟು ಅಲ್ಲಿಗೆ ಮುಟ್ಟದಿದ್ದರೆ, ಯಾರ ತಕರಾರೂ ಇಲ್ಲವೆಂದು ಬರೆದು ನಕ್ಷೆಗೆ ಸಹಿ ಹಾಕುತ್ತಾರೆ. ಅಲ್ಲಿಗೆ ಎಂಬತ್ತಮೂರು ಮಗ್ಗಗಳ ಕಥೆ ಮುಗಿದಂತೆ.

"ಬಿಡ್ರಿ ಅವರನ್ನ!"

ಹೆಡ್ ಕಾನ್‌ಸ್ಟೆಬಲ್ ಹೊಳೆಪ್ಪನ ದನಿ ಅದು. ತುಬಚಿ ಕಡೆಯ ಒಕ್ಕಲುಮನೆಯವನು, ಬಾಗಿಲಿನಷ್ಟೇ ಅಗಲದ ಎದೆ. ಬಂದೋಬಸ್ತಿಗೆಂದು ಬಂದವನು ಚಹಾ ಕುಡಿಯಲು ಹೋಗಿದ್ದ. ಈಗ ಎಲ್ಲರನ್ನೂ ಹೊರಗೆ ದಬ್ಬಿ ಬಾಗಿಲಿಗೆ ಅಡ್ಡ ನಿಂತ. ಒಳಗೆ ಉಳಿದವರು ನಾಲ್ಕೇ ಮಂದಿ: ಪಾಂಡುರಂಗ, ಗಂಡನಿಲ್ಲದೆ ಒಬ್ಬಳೇ ಮಗ್ಗ ನಡೆಸುವ ಅನ್ನವ್ವ, ಮಡ್ಡಿಯ ಮಾಲೀಕ ಅಣ್ಣಾಸಾಹೇಬ, ಊರಿನ ಮುಂದಾಳು ಕಾಮಣ್ಣ. ಕಾಮಣ್ಣ ಹತ್ತು ವರ್ಷದ ಹಿಂದೆಯೇ ಮಗ್ಗ ಬಿಟ್ಟು ಬನಹಟ್ಟಿಯಲ್ಲಿ ಸೀರೆ ಅಂಗಡಿ ಇಟ್ಟವನು. ಅಕ್ಷರ ಬಾರದವರ ಅರ್ಜಿಗಳನ್ನೆಲ್ಲ ಅವನೇ ಬರೆದುಕೊಟ್ಟಿದ್ದ.

"ಕಟ್ಟು ಯಾವಾಗ ಕಟ್ಟಿದ್ರಿ?" ಹೊಳೆಪ್ಪ ಕೇಳಿದ.

"ನಿನ್ನೆ ಸಂಜಿ ಐದೂವರಿಗೆ. ಎಲ್ಲಾರ ಮುಂದ ಎಣಿಸಿ, ಕೆಳಗೊಂದು ರಟ್ಟು ಮೇಲೊಂದು ರಟ್ಟು ಇಟ್ಟು, ದಾರ ಸುತ್ತಿ ಗಂಟು ಹಾಕಿ, ಗಂಟಿನ ಮ್ಯಾಲೆ ಅರಗಿನ ಮೊಹರು ಒತ್ತಿದೆ."

"ಇವತ್ತ ಬಿಚ್ಚಿದ್ಯಾಕ?"

"ಅನ್ನವ್ವಾರು ಹಟಾ ಹಿಡಿದ್ರು. ಕಳಸೂಕಿಂತ ಮೊದಲು ಇನ್ನೊಮ್ಮೆ ಎಣಿಸ್ರಿ ಅಂದ್ರು."

"ನಾ ಬ್ಯಾಡಂದಿದ್ದೆ" ಎಂದ ಕಾಮಣ್ಣ. "ಮೊಹರು ಜಮಖಂಡಿ ಸಾಹೇಬರ ಮುಂದನ ಒಡೀಬೇಕು, ಕಾಯ್ದೆ ಹಂಗ ಐತಿ ಅಂತ ಹೇಳಿದ್ದೆ."

"ಮೊಹರು ಹೆಂಗಿತ್ತು?"

ಪಾಂಡುರಂಗ ಮೇಜಿನ ಮೇಲಿನ ದಾರದ ಕಡೆ ಕೈ ಮಾಡಿದ. "ಒಡದಿರಲಿಲ್ಲ. ಗಂಟೂ ನಾ ಹಾಕಿದ್ದ ಗಂಟೇ. ನಾನೇ ಈಗ ಕತ್ತರಿಸಿದೆ."

"ಮತ್ತ ಇನ್ನೇನ್ರಿ ಬೇಕು?" ಕಾಮಣ್ಣ ಮೇಜಿಗೆ ಗುದ್ದಿದ. "ಮೊಹರು ಒಡದಿಲ್ಲ, ಗಂಟು ಬಿಚ್ಚಿಲ್ಲ, ಕಪಾಟಿನ ಕೀಲಿ ಇವನ ಸೊಂಟದಾಗ! ಅಣ್ಣಾಸಾಹೇಬರ ಮಡ್ಡಿ ಮಾರಾಕ ಇವನು ದಲಾಲಿ!"

"ಏ, ನನ್ನ ಹೆಸರು ಯಾಕ ಎಳೀತಿ?" ಅಣ್ಣಾಸಾಹೇಬ ಎದ್ದು ನಿಂತ. "ಮಡ್ಡಿ ಕೊಡು ಅಂತ ಸರಕಾರ ನನ್ನ ಹಿಂದ ಬಂದೈತಿ. ನಾ ಯಾರ ಬಾಗಿಲಿಗೂ ಹೋಗಿಲ್ಲ!"

ಪಾಂಡುರಂಗ ಕುರ್ಚಿಯಲ್ಲಿ ಕುಸಿದ. ಕಾಮಣ್ಣನ ಲೆಕ್ಕದಲ್ಲಿ ಎಲ್ಲಿಯೂ ತೂತು ಕಾಣಲಿಲ್ಲ. ತಾನೇ ಕದ್ದೆನೇನೋ ಎಂದು ತನ್ನ ಮೇಲೆಯೇ ಅನುಮಾನ ಬರುವಷ್ಟು ಅದು ಸರಿಯಾಗಿತ್ತು.

ಹೊಳೆಪ್ಪನಿಗೆ ಅವಸರವಿದ್ದಂತಿರಲಿಲ್ಲ. "ಕಟ್ಟಿದ ಮ್ಯಾಲೆ ನೆಟ್ಟಗ ಕಪಾಟಿನ್ಯಾಗ ಇಟ್ರೇನು?"

"ಇಲ್ಲ. ರಸೀದಿ ಕೊಡು ಅಂತ ಮಂದಿ ನನ್ನ ಪಡಸಾಲಿಗೆ ಎಳಕೊಂಡು ಹೋದ್ರು. ಕಾಲು ತಾಸು ಬಿಡಲಿಲ್ಲ. ಕಟ್ಟು ಇಲ್ಲೇ ಮೇಜಿನ ಮ್ಯಾಲಿತ್ತು."

"ಒಳಗ ಯಾರಿದ್ರು?"

"ನಾನೂ ಇದ್ದೆ" ಎಂದ ಅಣ್ಣಾಸಾಹೇಬ. "ಗ್ವಾಡಿ ಮ್ಯಾಲಿನ ನಕ್ಷೆ ನೋಡಿ ಎರಡ ನಿಮಿಷದಾಗ ಹೊರಗ ಬಂದೆ."

"ಆಮೇಲೆ ನಾ ಒಬ್ಬನ ಕಾಯ್ಕೊಂತ ಕುಂತಿದ್ದೆ" ಎಂದ ಕಾಮಣ್ಣ. "ಊರ ಮಂದಿ ಅರ್ಜಿ ಅಲ್ಲೇನ್ರಿ, ಬಿಟ್ಟು ಹ್ಯಾಂಗ ಹೋಗಲಿ? ಮೊಹರು ಹಾಕಿದ ಕಟ್ಟಿಗೆ ಯಾರು ಏನು ಮಾಡ್ತಾರ?"

ಹೊಳೆಪ್ಪ ಬಿಳಿ ಹಾಳೆಗಳನ್ನು ರಟ್ಟುಗಳ ನಡುವೆ ಇಟ್ಟು ಎತ್ತಿ ನೋಡಿದ. "ನಿನ್ನೆನೂ ಇಷ್ಟ ದಪ್ಪ ಇತ್ತೇನ್ರಿ?"

ಪಾಂಡುರಂಗ ಕಣ್ಣು ಕಿರಿದು ಮಾಡಿದ. "ಇಲ್ಲ... ನಿನ್ನೆ ಒಂದು ಬೆರಳಿನಷ್ಟು ಜಾಸ್ತಿ ಇತ್ತು. ಆದರ ದಾರ ಇವತ್ತೂ ಬಿಗೀನೇ ಇತ್ತು ನೋಡ್ರಿ."

"ಅದ ಮತ್ತ!" ಎಂದ ಹೊಳೆಪ್ಪ. ಮೇಜಿನ ಮೇಲೆ ಬಿದ್ದಿದ್ದ ದಾರವನ್ನು ಬೆಳಕಿಗೆ ಹಿಡಿದು ನೋಡಿದ. ಏನೂ ತೋರಲಿಲ್ಲ. ಬೆರಳಾಡಿಸಿದ. ಏನೂ ತಾಗಲಿಲ್ಲ. ಕೊನೆಗೆ ಅದನ್ನು ಅನ್ನವ್ವನ ಕೈಗೆ ಕೊಟ್ಟ. "ಯವ್ವಾ, ನೀ ಒಮ್ಮೆ ನೋಡು."

ಅನ್ನವ್ವ ದಾರ ನೋಡಲಿಲ್ಲ, ಬೆರಳುಗಳ ನಡುವೆ ಸುಮ್ಮನೆ ಜಾರಿಸಿದಳು. ನಡುದಾರಿಯಲ್ಲಿ ಬೆರಳು ನಿಂತಿತು. ಮುಖದ ಬಣ್ಣ ಹೋಯಿತು. ದಾರವನ್ನು ವಾಪಸು ಕೊಟ್ಟಳು, ಕೊಟ್ಟವಳು ತಲೆ ಎತ್ತಲಿಲ್ಲ.

ಹೊಳೆಪ್ಪ ಕಚೇರಿಯ ದಾರದುಂಡೆ ತೆಗೆದುಕೊಂಡ. "ಕಾಮಣ್ಣಾರ, ಈ ತುದಿ ಹಿಡೀರಿ. ಕಟ್ಟಿಗೆ ಎಷ್ಟು ದಾರ ಹತ್ತತೈತಿ ನೋಡೂಣು. ನಿನ್ನೆ ಮಂದಿ ಯಾಕಷ್ಟು ಗದ್ದಲ ಮಾಡಿದ್ರು?"

"ಮಾಡದ ಏನ್ ಮಾಡ್ತಾರ್ರಿ? ನಮ್ಮನ್ನ ಕೇಳಿ ನಕ್ಷೆ ಮಾಡ್ಯಾರೇನು? ಕುಣಿ ಎಲ್ಲಿ ತೋಡೂದು, ನೂಲು ಎಲ್ಲಿ ಒಣಗಿಸೂದು, ಯಾರಾದ್ರೂ ಕೇಳ್ಯಾರ? ಮ್ಯಾಲಿಂದ ಮ್ಯಾಲೆ ಗೆರಿ ಎಳದು..."

ಹೊಳೆಪ್ಪ ದಾರ ಜಗ್ಗಿದ. ಅದು ಪಟ್ಟೆಂದು ಹರಿಯಿತು. ಎರಡೂ ತುದಿಗಳನ್ನು ಕಾಮಣ್ಣನ ಕಡೆ ಚಾಚಿದ. ಕಾಮಣ್ಣ ಬೈಯುತ್ತಲೇ ಇದ್ದ. ಕಣ್ಣು ಪಾಂಡುರಂಗನ ಮೇಲೆ, ಬಾಯಿ ಸರಕಾರದ ಮೇಲೆ. ಅವನ ಬೆರಳುಗಳು ಮಾತ್ರ ತಮ್ಮಷ್ಟಕ್ಕೆ ತಾವು ತುದಿಗಳನ್ನು ಹೊಸೆದವು, ಸುತ್ತಿದವು, ಎಳೆದವು. ಹಲ್ಲಿನಿಂದ ಉಳಿಕೆ ಕಡಿದು ಉಗುಳಿದ.

ಅನ್ನವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಕಾಮಣ್ಣಾರ" ಹೊಳೆಪ್ಪ ಮೆಲ್ಲಗೆ ಕೇಳಿದ, "ನಿಮ್ಮ ಮನಿಯೊಳಗ ಹಳೇ ಕುಣಿ ಇನ್ನೂ ಐತೇನು?"

ಕಾಮಣ್ಣ ತನ್ನ ಕೈಯೊಳಗಿನ ದಾರ ನೋಡಿದ. ಆಗ ಅವನಿಗೆ ತಿಳಿಯಿತು. ತಾನೇ ಹಾಕಿದ ಗಂಟನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

ಅರ್ಧ ತಾಸಿನಲ್ಲಿ ಕಾನ್‌ಸ್ಟೆಬಲ್ ಒಬ್ಬ ಅನ್ನವ್ವನ ಜತೆ ಹೋಗಿ ಬಂದ. ಕಾಮಣ್ಣನ ಮನೆಯಲ್ಲಿ ಹಲಗೆ ಮುಚ್ಚಿದ ಮಗ್ಗದ ಕುಣಿಯೊಳಗೆ, ಸೀರೆ ಅಂಗಡಿಯ ಚೀಲದಲ್ಲಿ, ಎಂಬತ್ತಮೂರು ಅರ್ಜಿಗಳೂ ಇದ್ದವು.

"ಮೊಹರು ಒಡದಿಲ್ಲ ಅಂತ ಎಲ್ಲಾರೂ ಮೊಹರಿನ ಕಡೆನ ನೋಡಿದ್ರು" ಎಂದು ಹೊಳೆಪ್ಪ ಪಾಂಡುರಂಗನಿಗೆ ಬಿಡಿಸಿ ಹೇಳಿದ. "ಇವರು ಮೊಹರಿನ ಸುದ್ದಿಗೆ ಹೋಗಲಿಲ್ಲ. ಕಟ್ಟಿನ ಕೆಳಗ ದಾರ ಕತ್ತರಿಸಿದ್ರು. ಅರ್ಜಿ ಚೀಲಕ್ಕ, ಚೀಲದಾಗಿನ ಬಿಳಿ ಹಾಳಿ ಕಟ್ಟಿಗೆ. ಹರದ ದಾರ ಮತ್ತ ಗಂಟು ಹಾಕಿದ್ರ ಗಿಡ್ಡ ಆಗತೈತಿ, ಅದಕ್ಕ ಹಾಳಿ ಕಡಿಮಿ ಇಟ್ರು. ನಾ ಗಂಟು ಹಾಕಿದ್ರ ಎತ್ತಿನ ಹಗ್ಗದ ಗಂಟು. ನೀವು ಹಾಕಿದ್ರ ಕಡತದ ಗಂಟು. ಇದು ನೂಲು ಹರದಾಗ ನೇಕಾರರು ಹಾಕೂ ಗಂಟು. ಸೀರ್‍ಯಾಗ ಕಾಣಬಾರದು, ಕೈಗೂ ಹತ್ತಬಾರದು. ಅನ್ನವ್ವನ ಬೆರಳಿಗಷ್ಟ ಸಿಕ್ತು. ನಿನ್ನೆ ಒಳಗ ಇದ್ದವರು ನೀವು, ಅಣ್ಣಾಸಾಹೇಬರು, ಇವರು. ಮೂವರಾಗ ಮಗ್ಗದ ಮ್ಯಾಲೆ ಕುಂತವರು ಒಬ್ಬರ. ಕದ್ದವರು ಇವರ, ಕಾಮಣ್ಣಾರು."

"ಯಾಕಲೇ?" ಅನ್ನವ್ವ ಕೇಳಿದಳು. "ಅಣ್ಣಾಸಾಹೇಬ ಏನು ಕೊಟ್ಟ?"

"ಯಾರೂ ಏನೂ ಕೊಟ್ಟಿಲ್ಲ!" ಕಾಮಣ್ಣ ಸಿಡಿದ. "ನಮ್ಮಪ್ಪ ಆ ಕುಣಿಯೊಳಗ ಕಾಲು ಇಳಿಬಿಟ್ಟು ನಲವತ್ತು ವರ್ಷ ಕುಂತ. ಮ್ಯಾಲೆ ಬಂದಾಗ ಕಾಲು ಇರಲಿಲ್ಲ, ಕಟ್ಟಿಗಿ ಆಗಿದ್ವು. ಕುಣಿ ಇಲ್ಲದ ಮನಿ ಕೊಟ್ರ ನಮ್ಮ ಮಕ್ಕಳಾದ್ರೂ ಸಾಲಿಗೆ ಹೋಗ್ತಾವ ಅಂದ್ಕೊಂಡೆ. ನಕ್ಷೆ ಛಲೋ ಐತಿ. ಖರೆ ಹೇಳ್ತೇನಿ, ಛಲೋ ಐತಿ!"

"ಹಂಗಿದ್ರ ಹಂಗ ಬರದು ಕೊಡಬೇಕಿತ್ತು" ಎಂದ ಪಾಂಡುರಂಗ. ತನ್ನ ದನಿಯಲ್ಲಿದ್ದ ಸಿಟ್ಟಿಗೆ ತಾನೇ ಬೆಚ್ಚಿದ. "ಅಭಿಪ್ರಾಯ ಕೊಡ್ರಿ ಅಂತ ಒಂದು ತಿಂಗಳು ಬಾಗಿಲಿಗೆ ನೋಟೀಸು ಹಚ್ಚಿದ್ದೆ. ತಕರಾರೇ ಕೊಡ್ರಿ ಅಂತ ಎಲ್ಲಿ ಬರದಿತ್ತು? ನಿಮ್ಮ ಪೆಟ್ಟು ನಾ ತಿನ್ನಬೇಕೇನು?"

ಕಾಮಣ್ಣ ಕಿಟಕಿಯ ಕಡೆ ಕೈ ಮಾಡಿದ. ಅಲ್ಲಿ ಮುಖಗಳು ಕಿಕ್ಕಿರಿದಿದ್ದವು. ಒಂದರಲ್ಲೂ ಕನಿಕರವಿರಲಿಲ್ಲ.

"ಬರದು ಕೊಟ್ಟಿದ್ರ ಈ ಊರಾಗ ನನಗ ಒಂದು ತಂಬಿಗಿ ನೀರು ಹುಟ್ಟತಿತ್ತೇನು? ನೀನ ಹೇಳು ಅನ್ನವ್ವಾ, ನೀ ಕೊಡತಿದ್ಯಾ?"

ಅನ್ನವ್ವ ಚೀಲದೊಳಗೆ ತನ್ನ ಅರ್ಜಿ ಹುಡುಕಿ ತೆಗೆದಳು. ತನ್ನದೇ ಹೆಬ್ಬೆಟ್ಟಿನ ಗುರುತನ್ನು ಒಂದು ಗಳಿಗೆ ನೋಡಿ, ಅರ್ಜಿಯನ್ನು ಪಾಂಡುರಂಗನ ಮುಂದಿಟ್ಟಳು.

"ಕೊಡತಿರಲಿಲ್ಲ" ಎಂದಳು. "ಆದ್ರ ನಿನ್ನ ಮಾತು ನಿನ್ನದು ಅಂತಿದ್ದೆ. ನೀ ನನ್ನ ಮಾತು ಕದ್ದಿ."