ಸಂಪಿಗೆ ಸಸಿಗೆ ತರಗೆಲೆಯ ಹೊದಿಕೆ

ಬಹಳ ಬಹಳ ಹಿಂದೆ, ಬಿಸಿಲುಗುದುರೆಗಳು ನಿಜವಾಗಿಯೂ ನೆಲದ ಮೇಲೆ ಓಡಾಡುತ್ತಿದ್ದ ಕಾಲದಲ್ಲಿ, ಹೊಂಗಿರಿ ಎಂಬ ರಾಜ್ಯವಿತ್ತು. ಅದನ್ನು ಬೇಗುದಿ ಎಂಬ ಮಾಯಾವಿ ವಶಮಾಡಿಕೊಂಡಿದ್ದ. ಅವನದು ಒಂದೇ ಕಟ್ಟಳೆ: ಯಾರ ಅಂಗಳದಲ್ಲೂ ಒಂದು ತರಗೆಲೆ ಬಿದ್ದಿರಕೂಡದು. ಯಾಕೆಂದರೆ ಬೋಳು ಮಣ್ಣಿನ ಪಸೆ ನೆಕ್ಕಿಯೇ ಅವನ ಬಿಸಿಲುಗುದುರೆ ಕೊಬ್ಬುತ್ತಿತ್ತು. ಜನ ಹೆದರಿ ದಿನಕ್ಕೆ ಮೂರು ಹೊತ್ತು ಗುಡಿಸಿದರು. ಗಿಡಗಳು ಒಣಗಿದವು, ಬಾವಿಗಳು ಬತ್ತಿದವು. ಪಾಪ, ಅವರಾದರೂ ಏನು ಮಾಡಿಯಾರು!

ತೋಟಗಾರ ಕೇತಣ್ಣ ಮಾತ್ರ ಪೊರಕೆ ಮುಟ್ಟಲಿಲ್ಲ. "ಮರ ಉದುರಿಸಿದ್ದು ಮರಕ್ಕೇ ಇರಲಿ" ಎಂದ. ಮಾಯಾವಿ ಕೋಲು ಬೀಸಿದ. ಕೇತಣ್ಣ ನಿಂತಲ್ಲೇ ಮೊಣಕಾಲುದ್ದದ ಸಂಪಿಗೆ ಸಸಿಯಾಗಿಬಿಟ್ಟ.

ಅವನ ತಂಗಿ ದೇವೀರಿ ಒಳಗಿಂದ ಓಡಿಬಂದಳು. "ನಮ್ಮಣ್ಣನನ್ನು ಬಿಡು!"

"ಬಿಡ್ತೇನೆ" ಎಂದು ಬೇಗುದಿ ನಕ್ಕ. "ನಿನ್ನ ಅಂಗಳಕ್ಕೆ ಬೇಸಿಗೆ ಏಳು ದಿನ, ಮಳೆ ಏಳು ದಿನ, ಚಳಿ ಏಳು ದಿನ ಕಳಿಸ್ತೇನೆ. ನೀನು ಹಾಕಬಹುದಾದದ್ದು ದಿನಕ್ಕೊಂದೇ ತಂಬಿಗೆ ನೀರು. ಬುಡಕ್ಕೆ ಏನು ಬೇಕಾದರೂ ಹಾಸು. ಇಪ್ಪತ್ತೆರಡನೇ ಬೆಳಿಗ್ಗೆ ಸಸಿ ಹೂ ಬಿಟ್ಟರೆ ನಿನ್ನಣ್ಣ ನಿನಗೆ, ರಾಜ್ಯ ನಿಮಗೆ. ಸತ್ತರೆ ನನ್ನ ಒಲೆಗೆ ಸೌದೆ."

"ಒಲೆ ಹಚ್ಚೋ ಯೋಚನೆ ಆಮೇಲೆ ಮಾಡುವೆಯಂತೆ" ಎಂದು ದೇವೀರಿ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು.

ಮಾಯಾವಿ ಹಾಲಿನಂಥ ಬಿಳಿ ಜಲ್ಲಿಯ ರಾಶಿ ಸುರಿದ. "ತಗೋ, ಚೆಂದ ಕಾಣುತ್ತೆ, ಬುಡಕ್ಕೆ ಹಾಸು." ಚೆಂದವೇನೋ ಹೌದು. ಆದರೆ ದೇವೀರಿ ಬಿಸಿಲಲ್ಲಿದ್ದ ಕಲ್ಲಿನ ಮೇಲೆ ಅಂಗೈ ಇಟ್ಟಳು, ಚುರ್ ಎಂದಿತು. ಎಳೆಯ ಬೇರು ಇದನ್ನು ತಡೆದೀತೇ? "ಬುಡಕ್ಕೆ ಇದು ಬೇಡ" ಎಂದು ಅವಳು ಕಾಡಿಗೆ ಹೋಗಿ ಒಣ ತರಗೆಲೆ ಹೊತ್ತು ತಂದಳು. ಮಣ್ಣಿಗೆ ತಂಬಿಗೆ ನೀರು ಹನಿಸಿ, ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಎಲೆ ಹಾಸಿದಳು. ಬಿಸಿಲುಗುದುರೆ ಬಂತು. ನಾಲಗೆ ಚಾಚಿ ನೆಕ್ಕಿತು. ಬಾಯಿಗೆ ಸಿಕ್ಕಿದ್ದು ಬರೀ ಒಣ ಎಲೆ! ಏಳು ದಿನ ನೆಕ್ಕಿ ನೆಕ್ಕಿ ಸೊರಗಿ, ಕೊನೆಗೆ ಆವಿಯಾಗಿ ಹೋಯಿತು.

ಆಮೇಲೆ ಮಳೆಯಾನೆ ಬಂತು. ಸೊಂಡಿಲೆತ್ತಿ ಸುರಿಯಿತು ನೋಡಿ, ಅಂಗಳವೆಲ್ಲ ಕೆಸರು! ಎಲೆಗಳು ತೇಲಿ ಹೊರಟವು, ಬೇರು ಬಯಲಾಗತೊಡಗಿತು. ದೇವೀರಿ ನೆನೆಯುತ್ತಲೇ ಗುದ್ದಲಿ ಹಿಡಿದಳು. ಪಾತಿಯ ಸುತ್ತ ಕಾಲುವೆ ತೋಡಿ, ಅದೇ ಬಿಳಿ ಜಲ್ಲಿ ತಂದು ತುಂಬಿದಳು.

"ಬೇಡ ಅಂದಿದ್ದೆಯಲ್ಲ?" ಎಂದು ಮಾಯಾವಿ ಮೂದಲಿಸಿದ.

"ಬುಡಕ್ಕೆ ಬೇಡ ಅಂದೆ. ನೀರಿನ ದಾರಿಗೆ ಬೇಡ ಅಂದೆನಾ?"

ನೀರು ಕಲ್ಲಿನ ಸಂದಿಯಲ್ಲಿ ಇಳಿದು, ಮಣ್ಣು ಕೊಚ್ಚದೆ ಬೇಲಿಯಾಚೆ ಹರಿದುಹೋಯಿತು. ಅವಳು ಮತ್ತೆ ಎಲೆ ತಂದು ಹಾಸಿದಳು. ಆನೆ ಏಳು ದಿನಕ್ಕೆ ಬರಿದಾಗಿ ಮೋಡದ ಚೂರಾಯಿತು.

ಮೂರನೆಯದು ಚಳಿತೋಳ. ಅದು ಬೇಲಿಯ ಸುತ್ತ ಸುತ್ತಿ ಊಳಿಟ್ಟಿತು. ಸಸಿ ಗಡಗಡ ನಡುಗಿತು. ಒಳಗಿಂದ ಅಣ್ಣನ ದನಿ: "ದೇವೀರೀ, ಚಳಿ ಕಣೇ!" ಅವಳು ಮಲಗಿದ ಮಗುವಿಗೆ ಹೊದಿಸುವ ಹಾಗೆ ತರಗೆಲೆಯನ್ನು ಕಾಂಡಕ್ಕೆ ಒತ್ತಿ, ಕುತ್ತಿಗೆಯವರೆಗೂ ಪೇರಿಸಿದಳು. ಬೇಗುದಿ ಸುಮ್ಮನೆ ಮೀಸೆ ತಿರುವಿದ. ಅವನಿಗೆ ಬೇಕಾದದ್ದೂ ಅದೇ.

ಚಳಿಯ ನಾಲ್ಕನೇ ಬೆಳಿಗ್ಗೆ ಕೊಳೆತ ವಾಸನೆ. ದೇವೀರಿ ಎಲೆ ಸರಿಸಿ ನೋಡಿದರೆ, ಒದ್ದೆ ಎಲೆಯೊಳಗೆ ತೊಗಟೆ ಕಪ್ಪಾಗಿ ಮೆತ್ತಗಾಗಿತ್ತು. "ಅಯ್ಯೋ, ನನ್ನ ಕೈಯಾರೆ ಅಣ್ಣನನ್ನು ಕೊಲ್ತಾ ಇದೀನಲ್ಲಾ!" ಎಂದು ಎದೆ ಬಡಿದುಕೊಂಡಳು. ಎರಡೂ ಕೈಯಿಂದ ಎಲೆ ಬಾಚಿ ಬಾಚಿ, ಕಾಂಡದ ಸುತ್ತ ಒಂದು ಗೇಣು ಜಾಗ ಬರಿದು ಮಾಡಿದಳು. ಬೇರಿನ ಮೇಲಷ್ಟೇ ಹೊದಿಕೆ ಉಳಿಸಿದಳು.

"ಚಳಿ! ಹೊದಿಸೇ! ನಿನಗೆ ಕರುಣೆ ಇಲ್ಲವೇನೇ?" ಅಣ್ಣ ಅತ್ತ. ತೋಳ ಊಳಿಟ್ಟಿತು. "ಹೊದಿಸಮ್ಮಾ, ಅಣ್ಣನಲ್ಲವೇ?" ಎಂದು ಬೇಗುದಿಯೂ ದನಿಗೂಡಿಸಿದ.

ದೇವೀರಿ ಅಳುತ್ತಲೇ ಕೈಕಟ್ಟಿ ಕೂತಳು. "ಬಯ್ಯಣ್ಣಾ, ಎಷ್ಟು ಬೇಕೋ ಬಯ್ಯಿ. ಕಾಂಡಕ್ಕೆ ಗಾಳಿ ಬೇಕು. ಒಂದು ಎಲೆಯನ್ನೂ ಹತ್ತಿರ ಬಿಡೋದಿಲ್ಲ." ಗಾಳಿ ತಂದು ಹಾಕಿದ ಎಲೆಗಳನ್ನು ಒಂದೊಂದಾಗಿ ಹೆಕ್ಕಿ ಆಚೆಗಿಟ್ಟಳು. ಒಂದು ದಿನ, ಎರಡು ದಿನ, ಮೂರು ದಿನ. ಊಳಿಟ್ಟು ಊಳಿಟ್ಟು ತೋಳದ ಗಂಟಲು ಕಟ್ಟಿತು, ಅದು ಇಬ್ಬನಿಯಾಗಿ ಕರಗಿತು.

ಇಪ್ಪತ್ತೆರಡನೇ ಬೆಳಿಗ್ಗೆ ಸಸಿಯ ತುದಿಯಲ್ಲಿ ಒಂದೇ ಒಂದು ಹೊಂಬಣ್ಣದ ಹೂ ಅರಳಿತು. ಬೇಗುದಿ ಕಾದ ಕಲ್ಲಿಗೆ ನೀರು ಬಿದ್ದಂತೆ ಚಟಚಟ ಸಿಡಿದು ಜಲ್ಲಿಯ ಗುಡ್ಡೆಯಾದ. ಊರವರು ಅದನ್ನು ಬುಟ್ಟಿಯಲ್ಲಿ ತುಂಬಿ, ಮಳೆಗಾಲದಲ್ಲಿ ಕಾಲು ಹೂತುಹೋಗುವ ಹಾದಿಗೆಲ್ಲ ಹರವಿದರು. ಪೊರಕೆಗಳು ಮೂಲೆ ಸೇರಿದವು, ಮರಗಳ ಕೆಳಗೆ ತರಗೆಲೆ ನೆಮ್ಮದಿಯಾಗಿ ಬಿದ್ದುಕೊಂಡಿತು, ಬಾವಿಗಳಲ್ಲಿ ನೀರು ಏರಿತು.

ಸಸಿಯಿದ್ದಲ್ಲಿ ಕೇತಣ್ಣ ನಿಂತಿದ್ದ, ಕುತ್ತಿಗೆಯ ಸುತ್ತ ಒಂದು ಕಪ್ಪು ಕಲೆ. ದೇವೀರಿಗೆ ತಲೆಯೆತ್ತಲಾಗಲಿಲ್ಲ. "ನನ್ನ ಮೇಲೆ ಕೋಪವಾ ಅಣ್ಣಾ?"

"ಇತ್ತು. ಚಳಿಯಲ್ಲಿ ನಿನಗೆ ಶಾಪವನ್ನೂ ಹಾಕಿದೆ" ಎಂದ ಕೇತಣ್ಣ. ಆಮೇಲೆ ಎದೆತುಂಬ ಉಸಿರೆಳೆದು ಅವಳ ತಲೆ ಸವರಿದ. "ನೀನು ನನ್ನ ಮಾತು ಕೇಳಲಿಲ್ಲವಲ್ಲ, ಅದಕ್ಕೇ ಬದುಕಿದೆ ಕಣೇ."

ಅಣ್ಣ ತಂಗಿ ಉಂಡುಟ್ಟು ತಂಪಾಗಿ ಬಾಳಿದರು, ಹೊಂಗಿರಿಯೂ ಬಾಳಿತು. ಕತೆ ಕೇಳಿದ ನಿಮ್ಮ ಅಂಗಳದ ಗಿಡಗಳೂ ಹಾಗೆಯೇ ಬಾಳಲಿ.